ಹಿಟ್ಟಿನ ಕೋಳಿ, ಸೀಸದ ಗುಂಡು

ತೋಟಾ ಬೇರೆ, ಗುಂಡು ಬೇರೆ. ಆಡುಮಾತಿನಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ. ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗಿನ ಮದ್ದು, ಬಾಯಿಗೆ ಕೂರಿಸಿದ ಗುಂಡು. ಹಾರಿಸಿದ ಮೇಲೆ ಮದ್ದು ಉರಿದುಹೋಗುತ್ತದೆ, ಗುಂಡು ಗುರಿಯತ್ತ ಹೋಗುತ್ತದೆ, ಹಿತ್ತಾಳೆ ಮಾತ್ರ ಕಾಲ ಬುಡದಲ್ಲಿ ಬೀಳುತ್ತದೆ. ಬಿದ್ದ ಕೋಶವನ್ನು ಆಯ್ದು, ಶುಚಿ ಮಾಡಿ, ಹೊಸ ಪ್ರೈಮರ್ ಕೂರಿಸಿ, ಮದ್ದು ಅಳೆದು ಹಾಕಿ, ಅಚ್ಚಿನಲ್ಲಿ ಎರಕ ಹೊಯ್ದ ಸೀಸದ ಗುಂಡನ್ನು ಒತ್ತಿ, ಮತ್ತೆ ತೋಟಾ ಮಾಡಿಕೊಳ್ಳುವ ಹವ್ಯಾಸ ಅಮೆರಿಕ, ಯುರೋಪುಗಳ ಗುರಿಕಾರರಲ್ಲಿ ಹಳೆಯದು. ಒಂದೇ ಮೇಜಿನ ಮೇಲೆ, ಒಬ್ಬನದೇ ಕೈಯಲ್ಲಿ ನಡೆಯುವ ಕೆಲಸವಾದ್ದರಿಂದ ಇದಕ್ಕೆ ಕೈತುಂಬುವಿಕೆ ಎನ್ನಬಹುದು.

ಅರೆ ಸ್ವಯಂಚಾಲಿತ ಪಿಸ್ತೂಲಿಗೆ ಹಗುರ ಗುಂಡು ತುಂಬುವುದರಲ್ಲಿ ಒಂದು ಇಕ್ಕಟ್ಟಿದೆ. ಗುಂಡು ಹಗುರವಾದಷ್ಟೂ ಕೈಗೆ ಬೀಳುವ ಒದೆತ ಕಡಿಮೆ, ಗುರಿಕಾರನಿಗೆ ಅದು ಹಿತ. ಆದರೆ ಖಾಲಿ ಕೋಶವನ್ನು ಹೊರಗೆಸೆದು ಮುಂದಿನ ತೋಟಾವನ್ನು ಒಳಗೆಳೆಯುವ ಸ್ಲೈಡ್ ಹಿಂದಕ್ಕೆ ಸರಿಯುವುದೂ ಅದೇ ಒದೆತದಿಂದ. ಒದೆತ ತೀರಾ ತಗ್ಗಿದರೆ ಪಿಸ್ತೂಲು ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. .45 ಪಿಸ್ತೂಲಿನ ಸೇನಾ ಗುಂಡು 230 ಗ್ರೇನ್, ಅಂದರೆ ಸುಮಾರು 15 ಗ್ರಾಂ. ಗುರಿಪಂದ್ಯಕ್ಕೆ ಎರಕ ಹೊಯ್ಯುವ ಗುಂಡು 185 ಅಥವಾ 200 ಗ್ರೇನಿನದು. .32 ಪಂದ್ಯದ ಪಿಸ್ತೂಲಿನ ಚಪ್ಪಟೆ ಮೂತಿಯ ಸೀಸದ ಗುಂಡು ಇನ್ನೂ ಹಗುರ, 100 ಗ್ರೇನಿನ ಆಸುಪಾಸು.

ಶುದ್ಧ ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಗುಂಡಿಗೆ ಅದೊಂದೇ ಆದರೆ ತೀರಾ ಮೆದು, ನಳಿಗೆಯ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಗಡಸು ಬರಲು ತವರವೂ ಆಂಟಿಮನಿಯೂ ಸೇರಬೇಕು. ಎರಕದವರು ಬಹುಕಾಲ ಹುಡುಕಿಕೊಂಡು ಹೋಗುತ್ತಿದ್ದ ಮಿಶ್ರಲೋಹವೊಂದಿದೆ: ಹಳೆಯ ಮುದ್ರಣಾಲಯಗಳ ಲೈನೋಟೈಪ್ ಲೋಹ. ಅದರಲ್ಲಿ ನೂರಕ್ಕೆ ಸುಮಾರು 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ. ಆಫ್‌ಸೆಟ್ ಬರುವವರೆಗೆ ಕನ್ನಡದ ಪತ್ರಿಕೆಗಳೂ ಪುಸ್ತಕಗಳೂ ಅಚ್ಚಾದದ್ದು ಇದೇ ಮೂರು ಲೋಹಗಳ ಮೊಳೆಗಳಿಂದ. ಅಕ್ಷರವಾಗಿದ್ದ ಸೀಸ ಕುಲುಮೆಗೆ ಹೋಗಿ ಗುಂಡಾಗಬಹುದು, ಗುಂಡಾಗಿದ್ದದ್ದು ಅಕ್ಷರವಾಗಬಹುದು. ಲೋಹಕ್ಕೆ ಅದರ ಗೊಡವೆಯಿಲ್ಲ. ಹಾಗಾದರೆ ಗುಂಡಿಗೆ ಅಂಟುವ ಪಾಪ, ಅಂಥದ್ದೊಂದು ಇದ್ದರೆ, ಎಲ್ಲಿಂದ ಶುರುವಾಗುತ್ತದೆ? ಹಾರಿಸಿದಾಗಲೋ, ತುಂಬಿದಾಗಲೋ, ಎರಕ ಹೊಯ್ದಾಗಲೋ, ಅಚ್ಚು ಕೊರೆದಾಗಲೋ?

ಭಾರತದಲ್ಲಿ ಈ ಪ್ರಶ್ನೆಗೆ ಮೊದಲು ಅಡ್ಡ ಬರುವುದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಆದ್ದರಿಂದ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಕೈತುಂಬುವಿಕೆ ಮನೆಮನೆಯ ಹವ್ಯಾಸವಲ್ಲ. ಬೆಳೆ ಕಾಯಲು ಪರವಾನಗಿ ಪಡೆದು ಇಟ್ಟುಕೊಂಡ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುವ ಒಂಟಿನಳಿಗೆ ಬಂದೂಕು ಇಲ್ಲಿಯ ಹಳ್ಳಿಗಳಿಗೆ ಹೆಚ್ಚು ಪರಿಚಿತ. ಆದರೆ ಆಯುಧ ಮಾಡುವವನ ಪಾಪಪುಣ್ಯದ ಲೆಕ್ಕ ಈ ನೆಲಕ್ಕೆ ಹೊಸದಲ್ಲ. ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಅದನ್ನು ಎದುರಿಸಿದವರು ಇಲ್ಲಿದ್ದರು.

ತೋಟಾ ಧರ್ಮದ ಪ್ರಶ್ನೆಯಾದ ಸಂದರ್ಭವೊಂದನ್ನು ಶಾಲೆಯ ಪಾಠದಲ್ಲಿ ಎಲ್ಲರೂ ಓದಿರುತ್ತಾರೆ. 1857ರಲ್ಲಿ ಎನ್‌ಫೀಲ್ಡ್ ರೈಫಲಿನ ತೋಟಾಕ್ಕೆ ಹಸು, ಹಂದಿಗಳ ಕೊಬ್ಬು ಸವರಲಾಗಿದೆ ಎಂಬ ಮಾತು ಸಿಪಾಯಿಗಳಲ್ಲಿ ಹಬ್ಬಿತು. ಅದೇ ವರ್ಷ ಮುಧೋಳದ ಬಳಿಯ ಹಲಗಲಿಯ ಬೇಡರು ಆಯುಧ ಒಪ್ಪಿಸಬೇಕೆಂಬ ಸರ್ಕಾರದ ಕಾಯ್ದೆಗೆ ಬಗ್ಗದೆ ಹೋರಾಡಿದರು. ಒಂದು ಕಡೆ ಆಯುಧದ ಮೈಲಿಗೆ, ಇನ್ನೊಂದು ಕಡೆ ಆಯುಧದ ಮಾನ. ಎರಡರಲ್ಲೂ ಆಯುಧ ಬರೀ ವಸ್ತುವಾಗಿರಲಿಲ್ಲ. ಎರಕದ ಗುಂಡಿಗೆ ಇಂದಿಗೂ ಜಿಡ್ಡು ಬೇಕು. ಗುಂಡಿನ ಸುತ್ತಲಿನ ತೋಡಿಗೆ ತುಂಬುವ ಸಾಂಪ್ರದಾಯಿಕ ಮಿಶ್ರಣದಲ್ಲಿ ಜೇನುಮೇಣ ಇರುತ್ತದೆ. ಮದ್ಯ, ಮಾಂಸಗಳ ಜೊತೆ ಮಧುವನ್ನೂ ತೊರೆಯುವ ಜೈನ ಶ್ರಾವಕನಿಗೆ ಗುಂಡಿನಿಂದ ಮುಂದೆ ಆಗುವ ಹಿಂಸೆ ಹಾಗಿರಲಿ, ಅದರ ಮೈಗೆ ಸವರಿದ ಮೇಣವೇ ಮೊದಲ ತೊಡಕು.

ಇಲ್ಲಿಯ ಸಾಮಾನ್ಯ ಜನರ ಧರ್ಮ ಇಷ್ಟೊಂದು ಮಡಿವಂತಿಕೆಯದಲ್ಲ. ನವರಾತ್ರಿಯಲ್ಲಿ ಸರಸ್ವತಿಯ ಪೂಜೆಗೆ ಪುಸ್ತಕಗಳನ್ನು ಇಡುತ್ತಾರೆ. ಮಹಾನವಮಿಗೆ ಆಯುಧಪೂಜೆ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳ ಸದ್ದು ಅಡಗಿ ಲಾಳಿಗೆ ಕುಂಕುಮ ಬೀಳುತ್ತದೆ. ನೆಲಮಂಗಲದ ಹೆದ್ದಾರಿಯಲ್ಲಿ ಬಾಳೆಕಂದು ಕಟ್ಟಿಸಿಕೊಂಡ ಲಾರಿಗಳ ಮುಂದೆ ಬೂದುಗುಂಬಳ ಒಡೆಯುತ್ತಾರೆ. ಪೊಲೀಸ್ ಠಾಣೆಗಳಲ್ಲಿ ಬಂದೂಕುಗಳನ್ನು ಸಾಲಾಗಿ ಇಟ್ಟು ಹೂ ಏರಿಸುತ್ತಾರೆ. ಪುಸ್ತಕ, ಲಾಳಿ, ಲಾರಿ, ಬಂದೂಕು ಎಲ್ಲಕ್ಕೂ ಒಂದೇ ಕುಂಕುಮ. ಇದು ಸಾಧನಕ್ಕೆ ಸಲ್ಲುವ ಕೃತಜ್ಞತೆ. ಸಾಧನ ಏನು ಮಾಡಿತು ಎಂಬ ವಿಚಾರಣೆಗೆ ಅಂದು ಬಿಡುವು. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಸಲ್ಲುವ ಪೂಜೆಯೂ ಇದೇ ಜಾತಿಯದು. ಪೂಜೆ ಪ್ರಶ್ನೆಯನ್ನು ಕೇಳುವುದಿಲ್ಲ ಎಂಬುದು ಅದರ ದೋಷವೇನಲ್ಲ, ಆದರೆ ಉತ್ತರ ಬೇಕಾದವರು ಬೇರೆ ಕಡೆ ನೋಡಬೇಕು.

ನೆಲಮಂಗಲ ತಾಲ್ಲೂಕಿನ ಮಣ್ಣೆ ಇಂದು ಸಣ್ಣ ಊರು. ಎಂಟನೆಯ ಶತಮಾನದಲ್ಲಿ ಅದು ಮಾನ್ಯಪುರ, ಗಂಗರ ರಾಜಧಾನಿಗಳಲ್ಲಿ ಒಂದು. ಅಲ್ಲಿ ಸಿಕ್ಕ 797ರ ತಾಮ್ರಶಾಸನದ ಪ್ರಕಾರ ಗಂಗ ಮಾರಸಿಂಹನ ಸೇನಾಪತಿ ಶ್ರೀವಿಜಯ ಆ ಊರಿನಲ್ಲಿ ಜಿನಾಲಯವೊಂದನ್ನು ಕಟ್ಟಿಸಿದ. ಇರುವೆ ತುಳಿಯಬಾರದೆನ್ನುವ ಧರ್ಮಕ್ಕೆ ಗುಡಿ ಕಟ್ಟಿಸಿದವನು ದಂಡನ್ನು ನಡೆಸುತ್ತಿದ್ದವನು. ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಗಂಗರ ನಾಡಿನಲ್ಲಿ ಇದು ಅಪವಾದವಾಗಿರಲಿಲ್ಲ. ಎರಡು ಶತಮಾನದ ಬಳಿಕ ಗಂಗರ ದಂಡನಾಯಕ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ, 978ರಲ್ಲಿ ಕನ್ನಡದಲ್ಲಿ ಪುರಾಣ ಬರೆದ, ಸಂಸ್ಕೃತದಲ್ಲಿ ಆಚಾರದ ಬಗ್ಗೆ ‘ಚಾರಿತ್ರಸಾರ’ ಬರೆದ. ರಣರಂಗಸಿಂಗ ಎಂಬ ಬಿರುದೂ ಅವನದೇ. ಯುದ್ಧವನ್ನು ಬಲ್ಲವನೇ ಅಹಿಂಸೆಯ ನಿಯಮಗಳನ್ನು ಬರೆದಿಟ್ಟ.

ಇಂಥವರಿಗೆ ಜಾಗ ಮಾಡಿಕೊಟ್ಟದ್ದು ಹಿಂಸೆಯ ನಾಲ್ಕು ಬಗೆ. ಬೇಕೆಂದೇ ಕೊಲ್ಲುವುದು ಸಂಕಲ್ಪೀ. ಅಡಿಗೆ, ಗುಡಿಸುವುದು, ಬೀಸುವುದು ಮೊದಲಾದ ಮನೆಗೆಲಸದಲ್ಲಿ ಆಗುವುದು ಆರಂಭೀ. ಬದುಕಿನ ಕಸುಬಿನಲ್ಲಿ ಆಗುವುದು ಉದ್ಯೋಗೀ. ಮೇಲೆ ಬಿದ್ದವನನ್ನು ತಡೆಯುವಾಗ ಆಗುವುದು ವಿರೋಧೀ. ಮುನಿಗೆ ನಾಲ್ಕೂ ವರ್ಜ್ಯ. ಗೃಹಸ್ಥ ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದವನ್ನು ಆದಷ್ಟು ತಗ್ಗಿಸಬೇಕು. ಸೇನಾಪತಿಯ ಕತ್ತಿ ವಿರೋಧಿಯಲ್ಲಿ ಬಂತು, ಕಮ್ಮಾರನ ಸುತ್ತಿಗೆ ಉದ್ಯೋಗಿಯಲ್ಲಿ ಬಂತು. ಜಿಲ್ಲೆಯ ಹೊಲಗದ್ದೆಗಳ ಅಂಚಿನಲ್ಲಿ ನಿಂತ ವೀರಗಲ್ಲುಗಳು ಮಾತ್ರ ಇನ್ನೊಂದು ಲೆಕ್ಕ ಹೇಳುತ್ತವೆ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಬಾಣಕ್ಕೆ ಎದೆಕೊಟ್ಟವನಿಗೆ ಸ್ವರ್ಗ. ಬಾಣದ ಮೊನೆ ಬಡಿದುಕೊಟ್ಟವನಿಗೆ ಏನು ಎಂಬುದಕ್ಕೆ ಕಲ್ಲಿನಲ್ಲಿ ಪಟ್ಟಿಕೆಯಿಲ್ಲ.

ಕೈತುಂಬುವವನು ಈ ನಾಲ್ಕು ಮನೆಗಳಲ್ಲಿ ಯಾವುದಕ್ಕೂ ಸುಲಭವಾಗಿ ಸೇರುವುದಿಲ್ಲ. ಅವನದು ಕಸುಬಲ್ಲ, ಮನೆಗೆಲಸವಲ್ಲ, ಆತ್ಮರಕ್ಷಣೆಯೂ ಅಲ್ಲ. ಹೊಟ್ಟೆಪಾಡು, ರಾಜಾಜ್ಞೆ ಎಂಬ ನೆಪಗಳು ಅವನಿಗಿಲ್ಲ. ಆದ್ದರಿಂದಲೇ ಅವನು ತತ್ತ್ವವಿಚಾರಕ್ಕೆ ಒಳ್ಳೆಯ ಉದಾಹರಣೆ. ಕಾರ್ಖಾನೆಯಲ್ಲಿ ಸೀಸ ಕರಗಿಸುವವನು ಒಬ್ಬ, ಮದ್ದು ತುಂಬುವವನು ಇನ್ನೊಬ್ಬ, ಮಾರುವವನು ಮತ್ತೊಬ್ಬ, ಹಾರಿಸುವವನು ಎಲ್ಲೋ ದೂರದವನು. ಪಾಪವೂ ಪಾಲಾಗಿ ತೆಳುವಾಗುತ್ತದೆ. ಇಲ್ಲಿ ಎಲ್ಲವೂ ಒಬ್ಬನ ತಲೆಯ ಮೇಲೆ.

ಉಮಾಸ್ವಾಮಿಯ ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯ ಕರ್ಮ ಒಳಹರಿಯುವ ಬಗೆಯನ್ನು ಹೇಳುತ್ತದೆ. ಕೆಲಸವೊಂದಕ್ಕೆ ಮೂರು ಹಂತ: ಮಾಡಬೇಕೆಂಬ ನಿಶ್ಚಯ ಸಂರಂಭ, ಬೇಕಾದ ಸಾಮಗ್ರಿ ಕೂಡಿಸುವುದು ಸಮಾರಂಭ, ತೊಡಗುವುದು ಆರಂಭ. ಮೂರೂ ಮನಸ್ಸು, ಮಾತು, ಮೈಗಳಿಂದ ಆಗಬಹುದು. ತಾನೇ ಮಾಡಬಹುದು, ಮಾಡಿಸಬಹುದು, ಮಾಡಿದ್ದಕ್ಕೆ ಸೈ ಎನ್ನಬಹುದು. ಹಿಂದೆ ಕ್ರೋಧ, ಮಾನ, ಮಾಯೆ, ಲೋಭಗಳಲ್ಲಿ ಒಂದಿರುತ್ತದೆ. ಗುಣಿಸಿದರೆ 108. ಜಪಮಾಲೆಯ ಮಣಿಗಳ ಸಂಖ್ಯೆಗೆ ಜೈನರಲ್ಲಿ ಕೆಲವರು ಕೊಡುವ ಕಾರಣಗಳಲ್ಲಿ ಇದೂ ಒಂದು. ‘ಸಮಾರಂಭ’ ಎಂಬ ಪದಕ್ಕೆ ಈಗ ಶಾಮಿಯಾನವೂ ಹೂಗುಚ್ಛವೂ ಅಂಟಿಕೊಂಡಿವೆ. ಇಲ್ಲಿ ಅದರ ಅರ್ಥ ಸರಂಜಾಮು ಹೊಂದಿಸುವುದು. ಹಿತ್ತಾಳೆ ಆಯ್ದು ತರುವುದು, ಸೀಸ ಕೂಡಿಡುವುದು ಗುಂಡು ಹಾರುವುದಕ್ಕೆ ಬಹಳ ಮೊದಲಿನ ಕೆಲಸ. ಲೆಕ್ಕ ಅಲ್ಲಿಂದಲೇ ಶುರು.

ಮುಂದಿನ ಸೂತ್ರ ನಿರ್ಜೀವ ವಸ್ತುವಿನ ಕಡೆ ತಿರುಗುತ್ತದೆ. ಅಜೀವ ವಸ್ತು ಕರ್ಮಕ್ಕೆ ಆಶ್ರಯವಾಗುವುದು ನಾಲ್ಕು ಬಗೆಯಲ್ಲಿ: ನಿರ್ವರ್ತನ ಎಂದರೆ ರೂಪಿಸುವುದು, ನಿಕ್ಷೇಪ ಎಂದರೆ ಇಡುವುದು, ಸಂಯೋಗ ಎಂದರೆ ಕೂಡಿಸುವುದು, ನಿಸರ್ಗ ಎಂದರೆ ಬಿಡುವುದು. ಇದಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ಟೀಕೆ ಬರೆದ ಪೂಜ್ಯಪಾದರು ಗಂಗ ದೊರೆ ದುರ್ವಿನೀತನ ಗುರುವೆಂದು ಸಂಪ್ರದಾಯ. ಟೀಕೆಯಲ್ಲಿ ಸಂಯೋಗಕ್ಕೆ ಅನ್ನಪಾನ, ಉಪಕರಣಗಳ ವಿಚಾರ ಬರುತ್ತದೆ, ನಿಸರ್ಗಕ್ಕೆ ಮೈ, ಮಾತು, ಮನಸ್ಸುಗಳನ್ನು ಹರಿಯಬಿಡುವುದು ಎಂಬ ಅರ್ಥ. ತೋಟಾಕ್ಕೆ ಅಲ್ಲಿ ಜಾಗವಿಲ್ಲ, ಇರುವುದು ಸಾಧ್ಯವೂ ಇಲ್ಲ. ಆದರೂ ಎರಕ ಹೊಯ್ದು ರೂಪಿಸಿ, ಕೋಶದಲ್ಲಿ ಇಟ್ಟು, ಮದ್ದಿನೊಡನೆ ಕೂಡಿಸಿ, ಗುರಿಯತ್ತ ಬಿಡುವವನ ಕೆಲಸ ಈ ನಾಲ್ಕು ಪದಗಳಲ್ಲಿ ಅಳತೆಗೆ ಹೊಲಿದ ಅಂಗಿಯಂತೆ ಕೂರುತ್ತದೆ.

ನಿಕ್ಷೇಪದ ನಾಲ್ಕು ದೋಷಗಳನ್ನು ಟೀಕಾಕಾರರು ಬಿಡಿಸಿ ಹೇಳಿದ್ದಾರೆ: ನೋಡದೆ ಇಡುವುದು, ಸರಿಯಾಗಿ ಒರೆಸದೆ ಇಡುವುದು, ಅವಸರದಲ್ಲಿ ಇಡುವುದು, ಗಮನವಿಲ್ಲದೆ ಇಡುವುದು. ಪಿಂಛಿ ಹಿಡಿದು ಹುಳುಹುಪ್ಪಟೆ ಸರಿಸಿ ಕಮಂಡಲು ಇಡುವ ಮುನಿಯ ಸಲುವಾಗಿ ಹುಟ್ಟಿದ ವಿವರ ಇದು. ತೋಟಾ ತುಂಬುವ ಮೇಜಿನಲ್ಲಿ ಅನಾಹುತ ಆಗುವುದೂ ಇವೇ ನಾಲ್ಕು ದಾರಿಯಲ್ಲಿ. ಕೋಶದೊಳಗೆ ಇಣುಕಿ ನೋಡದಿದ್ದರೆ ಒಂದಕ್ಕೇ ಎರಡು ಸಲ ಮದ್ದು ಬೀಳಬಹುದು, ಹಾರಿಸಿದಾಗ ಪಿಸ್ತೂಲೇ ಒಡೆಯಬಹುದು. ಬುಡದ ಮಸಿ ಒರೆಸದಿದ್ದರೆ ಪ್ರೈಮರ್ ಎದ್ದು ಕೂರುತ್ತದೆ. ಗಮನ ತಪ್ಪಿ ಮದ್ದೇ ಹಾಕದ ತೋಟಾದಲ್ಲಿ ಪ್ರೈಮರಿನ ಕಿಡಿಯೊಂದೇ ಗುಂಡನ್ನು ನಳಿಗೆಯೊಳಕ್ಕೆ ತಳ್ಳಿ ಅಲ್ಲೇ ಸಿಕ್ಕಿಸುತ್ತದೆ. ಅದನ್ನು ಅರಿಯದೆ ಇನ್ನೊಂದು ಹಾರಿಸಿದರೆ ಕೈಗೂ ಕಣ್ಣಿಗೂ ಅಪಾಯ. ಸೀಸದ ಹೊಗೆ, ಧೂಳು ತುಂಬುವವನನ್ನಷ್ಟೇ ಅಲ್ಲ, ಅದೇ ಮನೆಯ ಮಕ್ಕಳನ್ನೂ ತಟ್ಟುತ್ತದೆ. ಜೈನರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೆ ಮೊದಲು ಪ್ರಮಾದವನ್ನು ಇಟ್ಟದ್ದು ಏಕೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಅಜಾಗರೂಕತೆ ಹಿಂಸೆಗೆ ದಾರಿ ಮಾತ್ರವಲ್ಲ, ಅವರ ಪ್ರಕಾರ ಅದೇ ಹಿಂಸೆ.

ಅದಕ್ಕಿಂತ ಕಠಿಣವಾದದ್ದು ಉದ್ದೇಶದ ಪ್ರಶ್ನೆ. ಸೋಮದೇವಸೂರಿ 959ರ ‘ಯಶಸ್ತಿಲಕ’ದಲ್ಲಿ ಬೆಸ್ತನನ್ನೂ ಬೇಸಾಯಗಾರನನ್ನೂ ಪಕ್ಕಪಕ್ಕ ನಿಲ್ಲಿಸುತ್ತಾನೆ. ಮೀನು ಸಿಗದೆ ಬರಿಗೈಯಲ್ಲಿ ಕೂತ ಬೆಸ್ತ ಪಾಪಿ. ನೇಗಿಲ ಬಾಯಿಗೆ ಎಷ್ಟೋ ಹುಳು ಸಿಕ್ಕಿ ಸತ್ತರೂ ಬೇಸಾಯಗಾರ ಅಲ್ಲ. ಭೇದ ಇರುವುದು ಮನಸ್ಸು ಯಾವುದರ ಮೇಲೆ ನೆಟ್ಟಿದೆ ಎಂಬಲ್ಲಿ. ಕುಲಕಸುಬಿನ ಬಡ ಬೆಸ್ತನ ಮೇಲೆ ಈ ತೀರ್ಪು ತುಸು ಕ್ರೂರವೇ. ಆದರೆ ಅದರ ತರ್ಕ ಕನ್ನಡದಲ್ಲಿ ಮರೆಯಲಾಗದ ಕಥೆಯಾಯಿತು. 1209ರಲ್ಲಿ ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಜ ಯಶೋಧರ ಜೀವಬಲಿಗೆ ಒಪ್ಪುವುದಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಮಾಡಿಸಿ ದೇವಿಗೆ ಕಡಿಯುತ್ತಾನೆ. ಒಂದು ಜೀವವೂ ಹೋಗಲಿಲ್ಲ. ಆದರೂ ತಾಯಿ ಮಗ ಇಬ್ಬರೂ ನವಿಲು, ನಾಯಿಗಳಿಂದ ತೊಡಗಿ ಜನ್ಮಜನ್ಮಾಂತರ ತೊಳಲಬೇಕಾಯಿತು. ಕೋಳಿ ಹಿಟ್ಟಿನದಾದರೂ ಕಡಿಯುವ ಸಂಕಲ್ಪ ಹಿಟ್ಟಿನದಾಗಿರಲಿಲ್ಲ.

ಗುರಿಕಾರನ ಕಾಗದವನ್ನು ಈ ಕೋಳಿಯ ಪಕ್ಕದಲ್ಲಿ ಇಟ್ಟು ನೋಡಬೇಕು. 25 ಮೀಟರ್ ನಿಖರತೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತ 50 ಮಿಲಿಮೀಟರ್ ಅಗಲ. ಚಪ್ಪಟೆ ಮೂತಿಯ ಹಗುರ ಗುಂಡು ಅದರಲ್ಲಿ ಕತ್ತರಿಸಿದಂಥ ದುಂಡು ತೂತು ಮಾಡುತ್ತದೆ, ಅಂಕ ಎಣಿಸುವವನಿಗೆ ತಕರಾರು ಉಳಿಯುವುದಿಲ್ಲ. ಜೀವವೂ ಇಲ್ಲ, ಜೀವದ ಆಕಾರವೂ ಇಲ್ಲ. ಜನ್ನನ ತರ್ಕದಲ್ಲಿ ಇದು ಕೋಳಿಯೇ ಅಲ್ಲ, ಬರೀ ಹಿಟ್ಟು. ಆದರೆ ಒಲಿಂಪಿಕ್ಸಿನ ರ‍್ಯಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿ ಬಹುಕಾಲ ಇದ್ದದ್ದು ಮನುಷ್ಯಾಕೃತಿಯ ಹಲಗೆ. 1992ರ ಬಾರ್ಸಿಲೋನಾ ಕೂಟದ ಹೊತ್ತಿಗೆ ಅದು ಹೋಗಿ ವೃತ್ತ ಬಂದಿತ್ತು. ಕಾರಣ ಏನೇ ಇರಲಿ, ‘ಯಶೋಧರ ಚರಿತೆ’ ಓದಿದವನಿಗೆ ಆ ಬದಲಾವಣೆ ಸಣ್ಣದೆನಿಸುವುದಿಲ್ಲ. ತಲೆ, ಭುಜ ಬಿಡಿಸಿದ ಕಾಗದ ಹಿಟ್ಟಿನ ಕೋಳಿಗೆ ತೀರಾ ಹತ್ತಿರದ್ದು.

ಹಾಗೆಂದು ಉದ್ದೇಶ ಹಾರಿಸುವವನ ಮನಸ್ಸಿನಲ್ಲಿ ಮಾತ್ರ ಇರುತ್ತದೆ, ವಸ್ತು ನಿರ್ದೋಷಿ ಎನ್ನುವುದೂ ಅರ್ಧ ಸತ್ಯ. ಲೋಹದ ವಿಷಯದಲ್ಲಿ ಆ ಮಾತು ಸರಿ, ಅಚ್ಚಿನ ವಿಷಯದಲ್ಲಿ ಅಲ್ಲ. ಕಾಗದ ಕತ್ತರಿಸಲೆಂದು ಕೊರೆದ ಅಚ್ಚು ಬೇರೆ, ಮಾಂಸದೊಳಗೆ ಹೊಕ್ಕು ಅರಳಲೆಂದು ಕೊರೆದ ಅಚ್ಚು ಬೇರೆ. ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರ ಹೆಸರು ಕೊಟ್ಟ, ಮೈಯೊಳಗೆ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಘೋಷಣೆ ನಿಷೇಧಿಸಿತು. ಸಿಪಾಯಿಯ ಮನಸ್ಸಿನಲ್ಲಿ ಏನಿದೆ ಎಂದು ಆ ಘೋಷಣೆ ಕೇಳಲಿಲ್ಲ, ಗುಂಡಿನ ಆಕಾರವನ್ನು ನೋಡಿತು. ನಿರ್ವರ್ತನವನ್ನು ಪಟ್ಟಿಯ ಮೊದಲಲ್ಲಿಟ್ಟ ಸೂತ್ರಕಾರನಿಗೆ ಇದು ವಿಚಿತ್ರವೆನಿಸುತ್ತಿರಲಿಲ್ಲ. ಸಂಕಲ್ಪ ಆಕಾರದೊಳಗೆ ಹೆಪ್ಪುಗಟ್ಟಿ ಕೂರುತ್ತದೆ. ಅದನ್ನು ಕೊರೆದವನು ಮನೆಗೆ ಹೋದ ಮೇಲೂ ಅಲ್ಲೇ ಇರುತ್ತದೆ.

ಇತರ ಪರಂಪರೆಗಳು ಬೇರೆ ಬೇರೆ ಕಡೆ ಗೆರೆ ಎಳೆದಿವೆ. ಬುದ್ಧ ಉಪಾಸಕರಿಗೆ ಬೇಡವೆಂದ ಐದು ವ್ಯಾಪಾರಗಳಲ್ಲಿ ಮೊದಲನೆಯದೇ ಆಯುಧದ್ದು. ಜೈನರಲ್ಲೇ ಗುಜರಾತಿನ ಹೇಮಚಂದ್ರ ‘ಯೋಗಶಾಸ್ತ್ರ’ದಲ್ಲಿ ವಿಷವಾಣಿಜ್ಯ ಎಂಬ ತಲೆಬರಹದ ಕೆಳಗೆ ವಿಷ, ಆಯುಧಗಳ ಜೊತೆ ನೇಗಿಲು, ಯಂತ್ರ, ಕಬ್ಬಿಣವನ್ನೂ ಸೇರಿಸಿದ. ಗೆರೆ ಇಷ್ಟು ಹಿಂದಕ್ಕೆ ಸರಿದರೆ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶವಿರಲಿ, ಹೊಸಕೋಟೆಯ ಟ್ರ್ಯಾಕ್ಟರ್ ಅಂಗಡಿಯೂ ಉಳಿಯಲಾರದು. ಗೀತೆ ಕೊನೆಯ ಅಧ್ಯಾಯದಲ್ಲಿ ಕರ್ಮಕ್ಕೆ ಐದು ಕಾರಣ ಹೇಳಿ, ಕರಣವನ್ನೂ ಕರ್ತೃವನ್ನೂ ಬೇರೆಬೇರೆ ಎಣಿಸುತ್ತದೆ. ಸಾಧನ ಕಾರಣಗಳಲ್ಲಿ ಒಂದು, ಆದರೆ ಹೊಣೆಗಾರನಲ್ಲ. ಶರಣರು ಕಸುಬುಗಳ ನಿಷೇಧಪಟ್ಟಿಯನ್ನೇ ಕೈಬಿಟ್ಟರು. ಹೆಂಡದ ಮಾರಯ್ಯ, ಕನ್ನದ ಮಾರಿತಂದೆ ಎಂಬ ಹೆಸರುಗಳೇ ಕಸುಬಿನ ಕಳಂಕವನ್ನು ಹೊತ್ತುಕೊಂಡು ಅನುಭವ ಮಂಟಪದ ಪರಂಪರೆಗೆ ಸೇರಿವೆ. ಕಸುಬು ಯಾವುದೆಂಬುದಕ್ಕಿಂತ ಹೇಗೆ ಮಾಡಿದ, ಯಾರಿಗೆಂದು ಮಾಡಿದ ಎಂಬುದು ಅವರಿಗೆ ಮುಖ್ಯ.

ಇವುಗಳಲ್ಲಿ ಕೈತುಂಬುವವನಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಜೈನರ ಲೆಕ್ಕವೇ, ಏಕೆಂದರೆ ಅದೊಂದೇ ಅವನ ಮೇಜಿನ ಮೇಲಿನ ಒಂದೊಂದು ಚಲನೆಗೂ ಹೆಸರಿಟ್ಟಿದೆ. ಅದರ ಪ್ರಕಾರ ಕಾಗದಕ್ಕೆಂದೇ ಎರಕ ಹೊಯ್ದ ಹಗುರ ಗುಂಡಿನಲ್ಲಿ ಸಂಕಲ್ಪೀ ಹಿಂಸೆ ಇಲ್ಲ. ಪ್ರಮಾದವಿದ್ದರೆ ಹಿಂಸೆ ಇದೆ. ಪ್ರಯೋಜನವಿಲ್ಲದ ಹಿಂಸೆಯ ಸರಂಜಾಮು ಎಂಬ ಆಕ್ಷೇಪ ಮಾತ್ರ ಉಳಿಯುತ್ತದೆ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಇಂಥ ನಿಷ್ಪ್ರಯೋಜಕ ಪಾಪಗಳನ್ನು ಅನರ್ಥದಂಡವೆಂದು ಕರೆದು ಐದಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಒಂದು ಹಿಂಸಾದಾನ: ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ ಮೊದಲಾದ ಕೊಲ್ಲುವ ಸಾಧನಗಳನ್ನು ಇನ್ನೊಬ್ಬರಿಗೆ ಕೊಡುವುದು. ಕೊಟ್ಟ ಮೇಲೆ ಅದು ಯಾರ ಕೈ ಸೇರಿ ಏನಾಗುತ್ತದೆ ಎಂಬುದು ಕೊಟ್ಟವನ ಹಿಡಿತದಲ್ಲಿ ಇರುವುದಿಲ್ಲ, ಹೊಣೆ ಮಾತ್ರ ಅವನ ಬೆನ್ನು ಬಿಡುವುದಿಲ್ಲ.

ಸಮಂತಭದ್ರರ ಹೆಸರನ್ನೇ ಕೇಳದ ಅಮೆರಿಕ, ಯುರೋಪುಗಳ ಕೈತುಂಬುವವರಲ್ಲೂ ಹಳೆಯ ಕಟ್ಟಳೆಯೊಂದಿದೆ, ಅದು ಹುಟ್ಟಿದ್ದು ಒಡೆದುಹೋದ ಪಿಸ್ತೂಲುಗಳ ಅನುಭವದಿಂದ: ತಾನು ತುಂಬಿದ ತೋಟಾವನ್ನು ಇನ್ನೊಬ್ಬನಿಗೆ ಕೊಡಬಾರದು, ಇನ್ನೊಬ್ಬ ತುಂಬಿದ್ದನ್ನು ತಾನು ಹಾರಿಸಬಾರದು.